ಕ್ರಿಸ್‌ಮಸ್ ಕುಸ್ವಾರ್ ಮನೆಯಲ್ಲೇ: ಕಿಡಿಯೊ, ಕೊಕ್ಕಿಸಾಂ, ನಾನ್‌ಖಟಾಯಿ ಗರಿಗರಿಯಾಗಿ ಮಾಡುವ ಬಗೆ

ಡಿಸೆಂಬರ್ 25ರ ಬೆಳಿಗ್ಗೆ ಡಬ್ಬಿಯಿಂದ ತೆಗೆದ ಕೊಕ್ಕಿಸಾಂ (ಗುಲಾಬಿ ಅಚ್ಚಿನಲ್ಲಿ ಕರಿದ ತಿಂಡಿ) ಬೆರಳಿನಿಂದ ಒತ್ತಿದರೆ ಟಪ್ಪೆಂದು ಮುರಿಯಬೇಕು. ಬಾಗಿದರೆ ಒಳಗೆಲ್ಲೋ ತೇವ ಉಳಿದಿದೆ. ಹಿಟ್ಟು ಸರಿಯಿತ್ತು, ಸಕ್ಕರೆ ಹದವಾಗಿತ್ತು, ಬಣ್ಣವೂ ಚೆನ್ನಾಗಿ ಬಂದಿತ್ತು. ಆದರೂ ಹಬ್ಬದ ಹೊತ್ತಿಗೆ ಮೆತ್ತಗಾಯಿತು ಎಂದು ಬೇಸರಪಡುವವರು ಬಹಳ ಮಂದಿ. ಕುಸ್ವಾರ್ ಕೆಡುವುದು ಹೆಚ್ಚಾಗಿ ತೇವದಿಂದ. ಹಿಟ್ಟು ಕಲಸುವುದರಿಂದ ಹಿಡಿದು ಡಬ್ಬಿಯ ಮುಚ್ಚಳ ಹಾಕುವವರೆಗೆ ನೀರಿನಂಶವನ್ನು ಎಲ್ಲಿ, ಹೇಗೆ ಹೊರಹಾಕುತ್ತೇವೆ ಎನ್ನುವುದೇ ಇಲ್ಲಿನ ಕೆಲಸ. ಇದೊಂದು ಮನಸ್ಸಿನಲ್ಲಿದ್ದರೆ ಕೆಳಗಿನ ಪ್ರತಿ ಹಂತದ ಕಾರಣವೂ ತಾನಾಗಿ ತಿಳಿಯುತ್ತದೆ.

ಕರಾವಳಿಯಾಚೆಯ ಓದುಗರಿಗಾಗಿ ಒಂದು ಮಾತು. ಕುಸ್ವಾರ್ ಎಂದರೆ ಒಂದೇ ತಿಂಡಿಯಲ್ಲ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು ಕ್ರಿಸ್‌ಮಸ್‌ಗೆಂದು ಮಾಡಿ, ಬಂಧುಬಳಗ ಮತ್ತು ನೆರೆಹೊರೆಗೆ ತಟ್ಟೆಯಲ್ಲಿ ಹಂಚುವ ಹಲವು ತಿಂಡಿಗಳಿಗೆ ಒಟ್ಟಾಗಿ ಆ ಹೆಸರು. ಕಿಡಿಯೊ, ಕೊಕ್ಕಿಸಾಂ, ನೆವ್ರಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಲಾಡು, ನಾನ್‌ಖಟಾಯಿ, ಜೊತೆಗೆ ಒಂದು ತುಂಡು ಪ್ಲಮ್ ಕೇಕ್. ಎಲ್ಲವನ್ನೂ ಒಂದೇ ವರ್ಷ ಮಾಡಲೇಬೇಕೆಂದಿಲ್ಲ. ಮೊದಲ ಸಲ ಕೈಹಾಕುವವರು ಮೂರನ್ನು ಆರಿಸಿಕೊಂಡರೆ ಸಾಕು: ಓವನ್‌ನಲ್ಲಿ ಬೇಯುವ ನಾನ್‌ಖಟಾಯಿ, ಅಚ್ಚಿನಲ್ಲಿ ಕರಿಯುವ ಕೊಕ್ಕಿಸಾಂ, ಮನೆಮಂದಿಯೆಲ್ಲ ಕೂತು ಹೊಸೆಯುವ ಕಿಡಿಯೊ. ನೆವ್ರಿಯೊ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತಿದೆ. ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಅಷ್ಟು ಸಾಕಾಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ

ಎಲ್ಲವನ್ನೂ 23ನೇ ತಾರೀಖಿಗೆ ಇಟ್ಟುಕೊಂಡರೆ ಹಬ್ಬದ ದಿನ ನಡು ಬಗ್ಗದಷ್ಟು ಸುಸ್ತು. ಹೆಚ್ಚು ದಿನ ಬಾಳುವುದನ್ನು ಮೊದಲು ಮಾಡಿ. ಡಿಸೆಂಬರ್ 10ರ ಸುಮಾರಿಗೆ ಅಚ್ಚು ಪಳಗಿಸಿ, ಎಳ್ಳು ಆರಿಸಿ ಹುರಿದು, ಸಕ್ಕರೆ ಪುಡಿಮಾಡಿ ಇಟ್ಟುಕೊಳ್ಳಿ. 14–15ಕ್ಕೆ ಕಿಡಿಯೊ ಕರಿದು, ಪಾಕ ಹಾಕದೆ ಹಾಗೇ ಡಬ್ಬಿಗೆ ತುಂಬಿ. ಮೂರು ವಾರ ಚೆನ್ನಾಗಿರುತ್ತದೆ. 18ಕ್ಕೆ ನಾನ್‌ಖಟಾಯಿ, 20–21ಕ್ಕೆ ಕೊಕ್ಕಿಸಾಂ; ಇವೆರಡೂ ಎರಡು ವಾರ ನಿಲ್ಲುತ್ತವೆ. 22ಕ್ಕೆ ನೆವ್ರಿಯೊ, ಅದೇ ಸಂಜೆ ಕಿಡಿಯೊಗೆ ಪಾಕ. 23–24 ತಟ್ಟೆ ಜೋಡಿಸಿ ಹಂಚುವುದಕ್ಕೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಮಕ್ಕಳಿಗೆ ಹುಲ್ಲು ಹುಡುಕಿಕೊಡುವುದಕ್ಕೆ ಬೇಕಾಗುತ್ತವೆ.

ಅಳತೆಗೆ ಒಂದು ಅಡುಗೆ ತಕ್ಕಡಿ ಇರಲಿ. ಒಂದು ಕಪ್ ಮೈದಾ ಜರಡಿ ಹಿಡಿದು ತುಂಬಿದರೆ ಒಂದು ತೂಕ, ಅದುಮಿ ತುಂಬಿದರೆ ಇನ್ನೊಂದು ತೂಕ. ವ್ಯತ್ಯಾಸ 30 ಗ್ರಾಂವರೆಗೂ ಹೋಗಬಹುದು. ಸಾರಿಗೆ ಅದು ಲೆಕ್ಕಕ್ಕಿಲ್ಲ, ಬಿಸ್ಕತ್ತಿಗೆ ಲೆಕ್ಕ.

ನಾನ್‌ಖಟಾಯಿ

ಸುಮಾರು 18 ಬಿಲ್ಲೆಗಳಿಗೆ: ಮೈದಾ 120 ಗ್ರಾಂ, ಕಡಲೆ ಹಿಟ್ಟು 40 ಗ್ರಾಂ, ಚಿರೋಟಿ ರವೆ 20 ಗ್ರಾಂ, ತುಪ್ಪ 100 ಗ್ರಾಂ, ಪುಡಿ ಸಕ್ಕರೆ 85 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆ. ಮೇಲೆ ಒತ್ತಲು ಗೋಡಂಬಿ ಅಥವಾ ಪಿಸ್ತಾ ಚೂರು.

ಇಡೀ ಕೆಲಸದ ಗುಟ್ಟು ತುಪ್ಪದ ಹದದಲ್ಲಿದೆ. ಅದು ಕರಗಿರಬಾರದು, ಕಲ್ಲಿನಂತೆಯೂ ಇರಬಾರದು. ಹರಳುಗಟ್ಟಿ, ಚಮಚದಲ್ಲಿ ತೆಗೆದರೆ ಮೆತ್ತಗೆ ಕುಳಿತುಕೊಳ್ಳಬೇಕು. ಬೆಂಗಳೂರಿನ ಡಿಸೆಂಬರ್‌ನಲ್ಲಿ ತುಪ್ಪ ತಾನಾಗಿಯೇ ಆ ಹದದಲ್ಲಿರುತ್ತದೆ. ಮಂಗಳೂರಿನ ಮಧ್ಯಾಹ್ನ ನೀರಾಗಿರುತ್ತದೆ, ಆಗ 20 ನಿಮಿಷ ಫ್ರಿಜ್‌ನಲ್ಲಿಟ್ಟು, ನಡುವೆ ಎರಡು ಸಲ ಕಲಕಿ ತೆಗೆಯಿರಿ. ಗಟ್ಟಿ ತುಪ್ಪವನ್ನು ಸಕ್ಕರೆಯ ಜೊತೆ ತಿಕ್ಕಿದಾಗ ಸಣ್ಣ ಸಣ್ಣ ಗಾಳಿಗುಳ್ಳೆಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಓವನ್‌ನ ಬಿಸಿಗೆ ಅವು ಹಿಗ್ಗುವುದರಿಂದಲೇ ಬಾಯಲ್ಲಿ ಕರಗುವ ಗುಣ ಬರುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ, ಹಿಟ್ಟು ಟ್ರೇ ಮೇಲೆ ಹರಡಿ ಹಪ್ಪಳದಂತಾಗುತ್ತದೆ.

ಮೊದಲು ಕಡಲೆ ಹಿಟ್ಟನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿದು ಪೂರ್ತಿ ಆರಿಸಿ. ಮೂರೂ ಹಿಟ್ಟು, ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ರವೆಯನ್ನು ಚೆಲ್ಲದೆ ಮತ್ತೆ ಸೇರಿಸಿ. ಅಗಲ ಬಟ್ಟಲಲ್ಲಿ ತುಪ್ಪ ಮತ್ತು ಪುಡಿ ಸಕ್ಕರೆ ಹಾಕಿ ಅಂಗೈ ಬುಡದಿಂದ ಒಂದೇ ದಿಕ್ಕಿಗೆ ಐದಾರು ನಿಮಿಷ ತಿಕ್ಕಿ. ಹಳದಿ ತುಪ್ಪ ಬಿಳಿಚಿಕೊಂಡು, ಬೆಣ್ಣೆಯಂತೆ ಉಬ್ಬಿ ಹಗುರಾದಾಗ ನಿಲ್ಲಿಸಿ. ಹರಳು ಸಕ್ಕರೆ ಹಾಕಬೇಡಿ. ಅದು ಒಲೆಯ ಬಿಸಿಗೆ ತಡವಾಗಿ ಕರಗಿ ಬಿಲ್ಲೆಯನ್ನು ಹರಡಿಸುತ್ತದೆ, ಮೇಲೆ ಕಂದು ಚುಕ್ಕೆ ಬೀಳುತ್ತದೆ.

ಈಗ ಹಿಟ್ಟು, ಏಲಕ್ಕಿ ಹಾಕಿ ಬೆರಳ ತುದಿಯಿಂದ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ಮೈದಾ ನಾದಿದಷ್ಟೂ ಅಂಟು ಹೆಚ್ಚುತ್ತದೆ, ಬಿಲ್ಲೆ ಗಡುಸಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಿ ನಿಂತರೆ ಸಾಕು. ಉದುರಿದರೆ ಒಂದು ಟೀ ಚಮಚ ತುಪ್ಪ ಹಾಕಿ. ನೀರನ್ನಾಗಲೀ ಹಾಲನ್ನಾಗಲೀ ಹಾಕಬೇಡಿ. ಕೈಗೆ ತುಪ್ಪ ಅಂಟಿ ಜಾರುತ್ತಿದ್ದರೆ ಒಂದು ಚಮಚ ಮೈದಾ ಸಾಕು.

20 ಗ್ರಾಂನ ಉಂಡೆಗಳನ್ನು ಮಾಡಿ. ದೊಡ್ಡ ನೆಲ್ಲಿಕಾಯಿ ಗಾತ್ರ. ಲಘುವಾಗಿ ಚಪ್ಪಟೆ ಮಾಡಿ, ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಒತ್ತಿ ಪಿಸ್ತಾ ಇಡಿ. ಒಂದಕ್ಕೊಂದು ಎರಡು ಬೆರಳು ಅಂತರ ಬಿಟ್ಟು ಟ್ರೇಯಲ್ಲಿ ಜೋಡಿಸಿ, ಟ್ರೇಯನ್ನೇ 15 ನಿಮಿಷ ಫ್ರಿಜ್‌ನಲ್ಲಿಡಿ. ಅಷ್ಟರಲ್ಲಿ ಓಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 170 ಡಿಗ್ರಿಗೆ 15 ನಿಮಿಷ ಕಾಯಿಸಿ. ಟ್ರೇ ನಡುವಿನ ಅಂತಸ್ತಿನಲ್ಲಿರಲಿ. 15ರಿಂದ 18 ನಿಮಿಷ ಬೇಯಬೇಕು. ಅಂಚು ನಸುಗೆಂಪಾಗಿ, ಮೇಲೆ ಸಣ್ಣ ಬಿರುಕು ಬಂದಾಗ ತೆಗೆಯಿರಿ.

ಆಗ ಮುಟ್ಟಿದರೆ ಇನ್ನೂ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟು ಸುಟ್ಟುಕೊಳ್ಳುವವರು ಇಲ್ಲೇ ಎಡವುವುದು. ಬಿಸಿ ತುಪ್ಪ ಇನ್ನೂ ಕರಗಿರುವುದರಿಂದ ಆ ಮೆದು. ಟ್ರೇಯಲ್ಲೇ ಹತ್ತು ನಿಮಿಷ ಬಿಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ಜಾಲರಿಯ ಮೇಲೆ ಒಂದು ಗಂಟೆ ಆರಲಿ.

ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಅಗಲ ಪಾತ್ರೆ ಅಥವಾ ಕುಕ್ಕರ್ ಆಗುತ್ತದೆ. ಕುಕ್ಕರ್ ಆದರೆ ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆದಿಡಿ, ಒಳಗೆ ನೀರು ಹಾಕಬೇಡಿ. ತಳಕ್ಕೆ ಒಂದು ಅಂಗುಲ ಪುಡಿ ಉಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ತಟ್ಟೆಯಲ್ಲಿ ಐದಾರು ಬಿಲ್ಲೆ ಇಟ್ಟು, ಉರಿ ತಗ್ಗಿಸಿ 20–25 ನಿಮಿಷ. ಮೇಲಿನ ಬಿಸಿ ಕಡಿಮೆಯಾದ್ದರಿಂದ ಬಣ್ಣ ಬೆಳ್ಳಗೇ ಉಳಿಯುತ್ತದೆ; ರುಚಿಗೆ ಕೊರತೆಯಿಲ್ಲ. ತಳ ನೋಡಿ ತೆಗೆಯಿರಿ.

ತಳ ಕಪ್ಪಾಗಿ ಮೇಲೆ ಹಸಿಯಾಗಿದ್ದರೆ ಟ್ರೇ ಕೆಳಗಿನ ರಾಡ್‌ಗೆ ಹತ್ತಿರವಿತ್ತು, ಅಥವಾ ಟ್ರೇ ತೆಳು ಕಪ್ಪು ತಗಡಿನದು. ಇನ್ನೊಂದು ಟ್ರೇ ಅಡಿಗಿಟ್ಟು ಜೋಡಿ ಮಾಡಿ. ಹಣೆಯ ನೆರಿಗೆಯಂತೆ ಸಣ್ಣ ಬಿರುಕು ಇರಬೇಕಾದದ್ದೇ, ಆದರೆ ಒಡೆದು ಹೋಳಾದರೆ ತುಪ್ಪ ಕಡಿಮೆ. ಇನ್ನು ಕೆಲವು ಓಟಿಜಿಗಳು ಗುಂಡಿಯಲ್ಲಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ 20 ಡಿಗ್ರಿ ವ್ಯತ್ಯಾಸವಿಟ್ಟುಕೊಂಡಿರುತ್ತವೆ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ. ಅದಿಲ್ಲದಿದ್ದರೆ ಮೊದಲು ಎರಡೇ ಬಿಲ್ಲೆ ಇಟ್ಟು ಪರೀಕ್ಷಿಸಿ, ಉಳಿದ ಹಿಟ್ಟು ಫ್ರಿಜ್‌ನಲ್ಲಿ ಕಾಯಲಿ.

ಕೊಕ್ಕಿಸಾಂ, ಅಂದರೆ ಗುಲಾಬಿ ಅಚ್ಚಿನ ತಿಂಡಿ

ಬೆಂಗಳೂರಿನವರು ರೋಸ್ ಕುಕ್ಕೀಸ್ ಎನ್ನುವುದು ಇದನ್ನೇ. ಕೇರಳದಲ್ಲಿ ಅಚ್ಚಪ್ಪಂ, ತಮಿಳುನಾಡಿನಲ್ಲಿ ಅಚ್ಚು ಮುರುಕ್ಕು. ದೂರದ ಸ್ವೀಡನ್, ನಾರ್ವೆಗಳಲ್ಲೂ ಉದ್ದ ಹಿಡಿಯ ಇಂಥದೇ ಅಚ್ಚನ್ನು ಹಿಟ್ಟಿಗದ್ದಿ ಕರಿದು ಕ್ರಿಸ್‌ಮಸ್ ತಿಂಡಿ ಮಾಡುತ್ತಾರೆ. ಅಲ್ಲಿ ಗೋಧಿ ಹಿಟ್ಟು, ಹಸುವಿನ ಹಾಲು. ನಮ್ಮಲ್ಲಿ ಅಕ್ಕಿ, ತೆಂಗಿನ ಹಾಲು.

ಅಚ್ಚು ಪಳಗದೆ ಕೊಕ್ಕಿಸಾಂ ಬಿಡುವುದಿಲ್ಲ. ಹೊಸ ಅಚ್ಚನ್ನು ಸೋಪಿನಿಂದ ತೊಳೆದು, ಅಕ್ಕಿ ತೊಳೆದ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಮರುದಿನ ಒರೆಸಿ, ಬಿಸಿಲಲ್ಲಿ ಒಣಗಿಸಿ, ಬಾಣಲೆಯ ಎಣ್ಣೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಒಲೆ ಆರಿಸಿ, ಎಣ್ಣೆಯಲ್ಲೇ ತಣಿಯಲು ಬಿಡಿ. ಲೋಹದ ಮೇಲಿನ ಕಣ್ಣಿಗೆ ಕಾಣದ ಗೀರುಗಳಲ್ಲಿ ಎಣ್ಣೆ ಇಳಿದು ಪದರ ಕಟ್ಟುತ್ತದೆ, ಹಿಟ್ಟು ಕಚ್ಚುವುದು ನಿಲ್ಲುತ್ತದೆ. ಪಳಗಿದ ಅಚ್ಚನ್ನು ಮತ್ತೆ ಸೋಪು ಹಾಕಿ ಉಜ್ಜಬೇಡಿ. ಬಿಸಿಯಿರುವಾಗಲೇ ಬಟ್ಟೆಯಿಂದ ಒರೆಸಿ, ಕಾಗದದಲ್ಲಿ ಸುತ್ತಿಡಿ. ಕೆಲವು ಮನೆಗಳಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಅಚ್ಚು ಇನ್ನೂ ಹೂವಿನಂತೆ ಬಿಡುವುದು ಈ ಜತನದಿಂದಲೇ.

ಹಿಟ್ಟಿಗೆ ಬೆಳ್ತಿಗೆ ಅಕ್ಕಿ 250 ಗ್ರಾಂ, ಮೈದಾ 50 ಗ್ರಾಂ, ಸಕ್ಕರೆ 75 ಗ್ರಾಂ, ಮೊಟ್ಟೆ 1, ತೆಂಗಿನಕಾಯಿಯ ಗಟ್ಟಿ ಮೊದಲ ಹಾಲು 300 ಮಿಲಿ, ಉಪ್ಪು ಅರ್ಧ ಟೀ ಚಮಚ, ಎಳ್ಳು ಎರಡು ಟೀ ಚಮಚ. ಕುಚ್ಚಲಕ್ಕಿ ಆಗದು, ಬೆಂದು ಒಣಗಿದ ಅಕ್ಕಿಯ ಹಿಟ್ಟು ಬೇರೆಯೇ ರೀತಿಯಲ್ಲಿ ನೀರು ಹೀರುತ್ತದೆ. ಪ್ಯಾಕೆಟ್ ತೆಂಗಿನ ಹಾಲಾದರೆ 200 ಮಿಲಿಗೆ 100 ಮಿಲಿ ನೀರು ಬೆರೆಸಿ. ಇಷ್ಟಕ್ಕೆ ಅಚ್ಚಿನ ಗಾತ್ರ ನೋಡಿಕೊಂಡು ಐವತ್ತರ ಆಸುಪಾಸು ಹೂಗಳು ಸಿಗುತ್ತವೆ.

ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತಣ್ಣಗಿನ ತೆಂಗಿನ ಹಾಲು ಸೇರಿಸಿ ರುಬ್ಬಿ. ಎರಡು ಬೆರಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ತೆಂಗಿನ ಹಾಲಿನ ಜಿಡ್ಡು ಬೇರ್ಪಡುತ್ತದೆ. ಅರ್ಧ ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಇದಕ್ಕೆ ಸಕ್ಕರೆ, ಉಪ್ಪು, ಮೈದಾ ಹಾಕಿ ಗಂಟಿಲ್ಲದಂತೆ ಕಲಸಿ, ಕೊನೆಗೆ ಬೇರೆ ಬಟ್ಟಲಲ್ಲಿ ಕದಡಿದ ಮೊಟ್ಟೆ ಸೇರಿಸಿ. ಮೊಟ್ಟೆಯನ್ನು ನೊರೆ ಬರುವಂತೆ ಬಡಿಯಬೇಡಿ, ನೊರೆಯ ಗುಳ್ಳೆಗಳು ಎಣ್ಣೆಯಲ್ಲಿ ಒಡೆದು ಎಸಳುಗಳಲ್ಲಿ ತೂತು ಬೀಳುತ್ತದೆ. ಜರಡಿಯಲ್ಲಿ ಸೋಸಿ, ಆಮೇಲೆ ಎಳ್ಳು ಬೆರೆಸಿ ಅರ್ಧ ಗಂಟೆ ಬಿಡಿ.

ಹದ ಹೀಗಿರಬೇಕು: ದೋಸೆ ಹಿಟ್ಟಿಗಿಂತ ತೆಳು, ನೀರು ದೋಸೆ ಹಿಟ್ಟಿಗಿಂತ ಗಟ್ಟಿ. ಚಮಚ ಅದ್ದಿ ತೆಗೆದು ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಕೂಡಿಕೊಂಡರೆ ಒಂದು ಚಮಚ ಮೈದಾ, ಚಮಚದ ಮೇಲೆ ದಪ್ಪ ಕವಚ ಕಟ್ಟಿದರೆ ಒಂದೆರಡು ಚಮಚ ತೆಂಗಿನ ಹಾಲು. ಮೊಟ್ಟೆ, ತೆಂಗಿನ ಹಾಲು ಎರಡೂ ಇರುವ ಹಿಟ್ಟು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹುಳಿ ತಿರುಗುತ್ತದೆ. ಹೆಚ್ಚು ಮಾಡುವುದಿದ್ದರೆ ಅರ್ಧ ಫ್ರಿಜ್‌ನಲ್ಲಿರಲಿ.

ಬಾಣಲೆ ಅಗಲವಾಗಿರುವುದಕ್ಕಿಂತ ಆಳವಾಗಿರಲಿ. ಅಚ್ಚು ಪೂರ್ತಿ ಮುಳುಗಿ ಅದರ ಮೇಲೆ ಎರಡು ಬೆರಳು ಎಣ್ಣೆ ನಿಲ್ಲಬೇಕು. ಶಾಖ 170ರಿಂದ 175 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ: ತಳ ಮುಟ್ಟಿ ಎರಡು ಮೂರು ಸೆಕೆಂಡಿಗೆ ಮೇಲೆದ್ದು ಬರಬೇಕು, ಬಂದ ಕೂಡಲೇ ಕಂದಬಾರದು. ಕರಾವಳಿಯಲ್ಲಿ ತೆಂಗಿನೆಣ್ಣೆಯ ಪರಿಮಳವೇ ಬೇಕೆನ್ನುವವರು ಹೊಗೆಯಾಡುವ ಮಟ್ಟಕ್ಕೆ ಕಾಯದಂತೆ ನೋಡಿಕೊಳ್ಳಬೇಕು. ಗಾಣದ ತೆಂಗಿನೆಣ್ಣೆ 175ರ ಸುಮಾರಿಗೇ ಹೊಗೆಯಾಡಲು ತೊಡಗುತ್ತದೆ, ಅದಕ್ಕೆ ಉರಿ ಇನ್ನೊಂದು ಚೂರು ಕಡಿಮೆ.

ಅಚ್ಚು ಎಣ್ಣೆಯಲ್ಲೇ ಕಾದಿರಲಿ. ಎತ್ತಿ, ಬಾಣಲೆಯ ಅಂಚಿಗೆ ಒಮ್ಮೆ ಕುಟ್ಟಿ ಹೆಚ್ಚಿನ ಎಣ್ಣೆ ಉದುರಿಸಿ, ನೇರವಾಗಿ ಹಿಟ್ಟಿಗೆ ಇಳಿಸಿ. ಅಚ್ಚಿನ ಮುಕ್ಕಾಲು ಎತ್ತರ ಮಾತ್ರ ಅದ್ದಬೇಕು. ಚುಂಯ್ ಎಂದು ಸದ್ದು ಬರುತ್ತದೆ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ಮೇಲೆತ್ತಿ. ಅಚ್ಚಿನ ಅಂಚಿನ ಸುತ್ತ ಹಿಟ್ಟು ಹೊಳಪು ಕಳೆದುಕೊಂಡು ಹಿಡಿದುಕೊಂಡಿರುವುದು ಕಾಣುತ್ತದೆ. ಎಣ್ಣೆಗೆ ಇಳಿಸಿ, 15 ಸೆಕೆಂಡ್ ಅಲುಗಾಡಿಸದೆ ಹಿಡಿಯಿರಿ. ಎಸಳು ಗಟ್ಟಿಯಾದ ಮೇಲೆ ಹಿಡಿಯನ್ನು ಸಣ್ಣಗೆ ಅಲುಗಿಸಿದರೆ ಹೂ ಕಳಚಿ ತೇಲುತ್ತದೆ. ಬಿಡದಿದ್ದರೆ ಚೂರಿಯ ತುದಿಯಿಂದ ಒಂದು ಕಡೆ ಮೆಲ್ಲಗೆ ತಳ್ಳಿ. ಅಚ್ಚನ್ನು ಎಣ್ಣೆಯಲ್ಲೇ ಬಿಟ್ಟು ಹೂವನ್ನು ತಿರುವಿಹಾಕಿ.

ಇಲ್ಲಿ ಬಣ್ಣಕ್ಕಿಂತ ಗುಳ್ಳೆಯನ್ನು ನೋಡಬೇಕು. ಎಣ್ಣೆಯಲ್ಲಿ ಏಳುವ ಗುಳ್ಳೆ ಎಂದರೆ ಹಿಟ್ಟಿನಿಂದ ಹೊರಬರುತ್ತಿರುವ ಆವಿ. ಗುಳ್ಳೆ ಜೋರಾಗಿರುವಾಗಲೇ ತೆಗೆದರೆ ಎಷ್ಟೇ ಕೆಂಪಗಾಗಿದ್ದರೂ ನಾಳೆ ಬಾಗುತ್ತದೆ. ಗುಳ್ಳೆ ಅಡಗಿ ಒಂದೆರಡು ಉಳಿದಾಗ, ನಿಮಗೆ ಬೇಕಾದ ಬಣ್ಣಕ್ಕಿಂತ ತುಸು ತಿಳಿಯಾಗಿರುವಾಗಲೇ ಝಾರಾದಲ್ಲಿ ಎತ್ತಿ. ಸಕ್ಕರೆ ಇರುವುದರಿಂದ ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಗುಳ್ಳೆ ಅಡಗುವ ಮೊದಲೇ ಕಂದುತ್ತಿದ್ದರೆ ಉರಿ ಹೆಚ್ಚಾಗಿದೆ ಅಥವಾ ಸಕ್ಕರೆ ಹೆಚ್ಚಾಗಿದೆ. ಮೊದಲನೆಯದನ್ನು ಈಗಲೇ ಸರಿಮಾಡಬಹುದು.

ಹಿಟ್ಟು ಅಚ್ಚಿಗೆ ಹಿಡಿಯದೆ ಜಾರಿ ಬಟ್ಟಲಿಗೇ ಬಿದ್ದರೆ ಅಚ್ಚು ತಣ್ಣಗಿದೆ, ಅಥವಾ ಅತಿಯಾಗಿ ಕಾದಿದೆ. ತಣ್ಣಗಿದ್ದರೆ ಸದ್ದೇ ಬರುವುದಿಲ್ಲ; ಅತಿಯಾಗಿ ಕಾದಿದ್ದರೆ ಸದ್ದು ಸಿಡಿಯುವಂತಿದ್ದು, ಹಿಟ್ಟು ಚೂರುಚೂರಾಗಿ ಉದುರುತ್ತದೆ. ಹೀಗೆ ಕಿವಿಯಿಂದಲೇ ಪತ್ತೆ ಹಚ್ಚಬಹುದು. ಅಚ್ಚು ಪೂರ್ತಿ ಮುಳುಗಿ ಹಿಟ್ಟು ಮೇಲೆ ಮುಚ್ಚಿಕೊಂಡರೆ ಹೂ ಕಳಚುವುದಿಲ್ಲ. ಅದನ್ನು ಕರಿದು, ಕೆತ್ತಿ ತೆಗೆದು, ಅಚ್ಚು ಒರೆಸಿ ಮುಂದುವರಿಯಿರಿ. ಹತ್ತು ಹೂ ಆದ ಮೇಲೆ ಎಸಳು ದಪ್ಪವಾಗತೊಡಗಿದರೆ ಅಕ್ಕಿ ಹಿಟ್ಟು ತಳಕ್ಕಿಳಿದಿದೆ. ಪ್ರತಿ ಮೂರು ಹೂವಿಗೊಮ್ಮೆ ತಳದಿಂದ ಕಲಕಿ. ಹಿಟ್ಟು ಕಡಿಮೆಯಾದಂತೆ ಕಿರಿದಾದ ಬಟ್ಟಲಿಗೆ ಬದಲಾಯಿಸಿ. ಮೊದಲ ನಾಲ್ಕೈದು ಕೆಟ್ಟರೆ ಬೇಸರ ಬೇಡ, ಅವು ಅಚ್ಚಿನ ಪಾಲು. ಮಕ್ಕಳು ಆ ಚೂರುಗಳಿಗೇ ಕಾಯುತ್ತಿರುತ್ತಾರೆ.

ಮೊಟ್ಟೆ ಬೇಡವೆಂದರೆ ಅದರ ಬದಲು ಎರಡು ದೊಡ್ಡ ಚಮಚ ಮೈದಾ ಮತ್ತು ಅಷ್ಟೇ ತೆಂಗಿನ ಹಾಲು ಹೆಚ್ಚಿಗೆ ಹಾಕಿ. ಎಸಳು ಸ್ವಲ್ಪ ಗಡುಸು, ಆದರೆ ಆಗುತ್ತದೆ. ಒದ್ದೆ ಕೈ, ಒದ್ದೆ ಅಚ್ಚು ಎಣ್ಣೆಯ ಹತ್ತಿರ ತರಲೇಬೇಡಿ. ಹಿಡಿ ಬಿಸಿಯಾಗುವುದರಿಂದ ಬಟ್ಟೆ ಸುತ್ತಿಕೊಳ್ಳಿ. ಮಕ್ಕಳು ಈ ಕೆಲಸದಿಂದ ದೂರವಿರಲಿ, ಅವರ ಪಾಲಿನದು ಮುಂದೆ ಬರುತ್ತದೆ.

ಕಿಡಿಯೊ: ಎಲ್ಲರೂ ಕೂತು ಮಾಡುವ ತಿಂಡಿ

ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ಸುರುಳಿ ಸುತ್ತಿಕೊಂಡ ಗೆರೆಗೆರೆ ಮೈ ನೋಡಿದರೆ ಹೆಸರು ಯಾಕೆಂದು ಹೇಳಬೇಕಿಲ್ಲ. ಬೆಂಗಳೂರು, ಗೋವಾ ಕಡೆ ಕಲ್‌ಕಲ್ ಎನ್ನುತ್ತಾರೆ. ಇದನ್ನು ಒಬ್ಬರೇ ಮಾಡಲು ಹೊರಟರೆ ಬೇಸರ ಬರುತ್ತದೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಊಟದ ಮೇಜಿನ ಮೇಲೆ ಕಾಗದ ಹಾಸಿ, ಅಜ್ಜಿಯಿಂದ ಹಿಡಿದು ಅಂಗನವಾಡಿಯ ಮಗುವಿನವರೆಗೆ ಒಬ್ಬೊಬ್ಬರಿಗೆ ಒಂದೊಂದು ಫೋರ್ಕ್ ಕೊಟ್ಟು ಕೂರಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಯಾರ ಕೈಯದು ಯಾವುದೆಂದು ಆಕಾರ ನೋಡಿಯೇ ಹೇಳಬಹುದು. ಮಕ್ಕಳದು ಸೊಟ್ಟ, ದೊಡ್ಡವರದು ಒಂದೇ ಅಳತೆ. ಸೊಟ್ಟದ್ದನ್ನು ಮತ್ತೆ ತಿದ್ದಬೇಡಿ, ಹಾಗೇ ಕರಿಯಿರಿ.

ಸುಮಾರು 120 ಕಿಡಿಯೊಗೆ ಮೈದಾ 250 ಗ್ರಾಂ, ಚಿರೋಟಿ ರವೆ 50 ಗ್ರಾಂ, ಬಿಸಿ ತುಪ್ಪ 30 ಗ್ರಾಂ, ಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಗಟ್ಟಿ ತೆಂಗಿನ ಹಾಲು ಸುಮಾರು 120 ಮಿಲಿ. ತುಪ್ಪವನ್ನು ಇಲ್ಲಿ ಬಿಸಿಯಾಗಿಯೇ ಹಾಕಬೇಕು, ನಾನ್‌ಖಟಾಯಿಯಂತಲ್ಲ. ಹಿಟ್ಟಿನ ಕಣಕಣಕ್ಕೂ ಜಿಡ್ಡು ಹತ್ತಿದರೆ ಕರಿದಾಗ ಗರಿಗರಿ. ಬೆರಳಿನಿಂದ ತಿಕ್ಕಿ, ಬ್ರೆಡ್ ಪುಡಿಯಂತಾದ ಮೇಲೆ ಸಕ್ಕರೆ ಕರಗಿಸಿದ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ರವೆ ನೆನೆಯಲು ಅಷ್ಟು ಹೊತ್ತು ಬೇಕು. ಮೊದಲೇ ಹೊಸೆದರೆ ಅಂಚು ಒಡೆಯುತ್ತದೆ.

ಗೋಲಿಯಷ್ಟು, ಅಂದರೆ ನಾಲ್ಕು ಗ್ರಾಂ ಹಿಟ್ಟು ಚಿವುಟಿ ಉಂಡೆ ಮಾಡಿ. ಫೋರ್ಕಿನ ಹಲ್ಲುಗಳ ಬೆನ್ನಿಗೆ, ಅಥವಾ ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಗೆ ಎಣ್ಣೆ ಸವರಿ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ತೆಳುವಾದ ಹಾಳೆಯಂತೆ ಹರಡಿ, ಒಂದು ತುದಿಯಿಂದ ಸುರುಳಿ ಸುತ್ತಿ. ಕೊನೆಯ ಅಂಚು ಚೆನ್ನಾಗಿ ಒತ್ತಿ ಕೂಡಿಸಿ, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನಡುವೆ ಟೊಳ್ಳು ಉಳಿಯಬೇಕು. ಒಳಗಿನ ಹಿಟ್ಟಿಗೂ ಎಣ್ಣೆಯ ಬಿಸಿ ತಾಕುವುದು ಆ ಟೊಳ್ಳಿನಿಂದ. ದಪ್ಪ ಹಿಟ್ಟಿನ ಗಟ್ಟಿ ಸುರುಳಿ ಹೊರಗೆ ಕೆಂಪಗಾಗಿ ಒಳಗೆ ಹಸಿಯಾಗಿರುತ್ತದೆ, ವಾರದೊಳಗೆ ಮುಗ್ಗಲು ವಾಸನೆ ಬರುವುದು ಅದರಿಂದ. ಮಾಡಿದ್ದನ್ನು ಬಟ್ಟೆಯಡಿ ಮುಚ್ಚಿಡುತ್ತ ಹೋಗಿ.

ಕರಿಯುವುದು 160 ಡಿಗ್ರಿಯಲ್ಲಿ, ಕೊಕ್ಕಿಸಾಂಗಿಂತ ಸಣ್ಣ ಉರಿ. ಒಂದು ಸಲಕ್ಕೆ ಎರಡು ಹಿಡಿಗಿಂತ ಹೆಚ್ಚು ಹಾಕಿದರೆ ಎಣ್ಣೆ ತಣಿದು ಕಿಡಿಯೊ ಜಿಡ್ಡು ಕುಡಿಯುತ್ತವೆ. ಐದಾರು ನಿಮಿಷ ಕೈಯಾಡಿಸುತ್ತ ಕರಿಯಿರಿ. ಮೊದಲ ಬ್ಯಾಚ್‌ನಲ್ಲಿ ಒಂದನ್ನು ಆರಿಸಿ ಮುರಿದು ನೋಡಿ. ನಡುವೆ ಮೇಣದಂತೆ ಕಂಡರೆ ಉಳಿದವಕ್ಕೆ ಇನ್ನೂ ಒಂದೂವರೆ ನಿಮಿಷ ಕೊಡಿ.

ಸಕ್ಕರೆಯ ಹೊದಿಕೆಗೆ, ಇಷ್ಟು ಕಿಡಿಯೊಗೆ ಸಕ್ಕರೆ 150 ಗ್ರಾಂ, ನೀರು 60 ಮಿಲಿ. ಸಕ್ಕರೆ ಕರಗುವವರೆಗೆ ಕಲಕಿ, ಕುದಿ ಬಂದ ಮೇಲೆ ಕಲಕದೆ ಬಿಡಿ. ಒಂದೆಳೆ ಪಾಕಕ್ಕೇ ಇಳಿಸುವುದು ಸಾಮಾನ್ಯ ತಪ್ಪು. ಅದರಲ್ಲಿ ನೀರು ಇನ್ನೂ ಹೆಚ್ಚಿರುವುದರಿಂದ ಕಿಡಿಯೊ ಅಂಟಂಟಾಗಿ, ಮರುದಿನ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಟ್ಟು ಬೆರಳಿನಿಂದ ಕೂಡಿಸಿದರೆ ಮೆದು ಉಂಡೆ ಕಟ್ಟಬೇಕು, ಸುಮಾರು 115 ಡಿಗ್ರಿ. ಆಗ ಒಲೆ ಆರಿಸಿ ಕಿಡಿಯೊ ಸುರಿದು ಎರಡು ಸೌಟಿನಿಂದ ಬಿಡದೆ ಮಗುಚಿ. ಮೊದಲು ಹೊಳೆಯುತ್ತವೆ, ಒಂದೆರಡು ನಿಮಿಷಕ್ಕೆ ಹೊಳಪು ಹೋಗಿ ಮಂಜು ಬಿದ್ದಂತೆ ಬೆಳ್ಳಗಾಗುತ್ತವೆ. ಸಕ್ಕರೆ ಮತ್ತೆ ಹರಳುಗಟ್ಟಿತು ಎಂಬುದರ ಗುರುತು ಅದು. ತಟ್ಟೆಯಲ್ಲಿ ಹರಡಿ ಆರಿಸಿ. ಎಷ್ಟು ಮಗುಚಿದರೂ ಬೆಳ್ಳಗಾಗದಿದ್ದರೆ ಪಾಕ ಎಳಸು. ಬಾಣಲೆಯನ್ನು ಮತ್ತೆ ಸಣ್ಣ ಉರಿಗಿಟ್ಟು ಮಗುಚುತ್ತಲೇ ಒಂದು ನಿಮಿಷ ಒಣಗಿಸಿ.

ನೆವ್ರಿಯೊ

ಕರ್ಜಿಕಾಯಿಯ ಕಣಕವೇ. ಹೂರಣಕ್ಕೆ ಹಸಿ ಕಾಯಿತುರಿ ಬೇಡ, ಒಣ ಕೊಬ್ಬರಿ ತುರಿದು ಸಣ್ಣ ಉರಿಯಲ್ಲಿ ಹುರಿಯಿರಿ. ಹುರಿದ ಎಳ್ಳು, ಗೋಡಂಬಿ ಚೂರು, ಒಣದ್ರಾಕ್ಷಿ, ಏಲಕ್ಕಿ, ಪುಡಿ ಸಕ್ಕರೆ ಸೇರಿಸಿ. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಸಕ್ಕರೆ ಬೆರೆಸಬೇಕು, ಬಿಸಿಗೆ ಹಾಕಿದರೆ ನೀರಾಡುತ್ತದೆ. ಹೂರಣ ತುಂಬುವಾಗ ಗಾಳಿ ಉಳಿಯದಂತೆ ಅಂಚು ಒತ್ತಿ. ಒಂದು ಬಾಯ್ಬಿಟ್ಟರೂ ಎಳ್ಳು, ಸಕ್ಕರೆ ಎಣ್ಣೆಗೆ ಬಿದ್ದು ಕರಕಲಾಗುತ್ತದೆ. ಹಾಗಾಗಿ ಆ ಎಣ್ಣೆಯಲ್ಲಿ ಕರಿಯುವ ಕಡೆಯ ತಿಂಡಿ ಇದಾಗಲಿ. ಹತ್ತು ದಿನದೊಳಗೆ ತಿಂದು ಮುಗಿಸಿ.

ಆರಿಸುವುದು, ಡಬ್ಬಿ, ತಟ್ಟೆ

ಕರಿದದ್ದನ್ನು ಒಂದರ ಮೇಲೊಂದು ರಾಶಿ ಹಾಕಿದರೆ ಕೆಳಗಿನದು ಮೇಲಿನದರ ಆವಿಗೆ ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನ್ ಕೆಳಗೆ ಎರಡು ಗಂಟೆ. ಕೈ ಬೆನ್ನಿಗೆ ಮುಟ್ಟಿಸಿ ನೋಡಿ, ಕಿಂಚಿತ್ತೂ ಬೆಚ್ಚಗಿರಬಾರದು. ರಾತ್ರಿ ಮಂಜು ಬೀಳುವ ಕಿಟಕಿ ಬದಿಯಲ್ಲಿ ಬಿಟ್ಟು ಮಲಗಬೇಡಿ. ಡಬ್ಬಿ ತೊಳೆದಿದ್ದರೆ ಒಂದು ದಿನ ಬಿಸಿಲಿಗಿಟ್ಟು, ತಳಕ್ಕೆ ಒಣ ಕಾಗದ ಹಾಕಿ ತುಂಬಿ. ಪಾಕ ಹಾಕಿದ ಕಿಡಿಯೊ ಮತ್ತು ಹಾಕದ ಕೊಕ್ಕಿಸಾಂ ಒಂದೇ ಡಬ್ಬಿಯಲ್ಲಿ ಬೇಡ. ಪ್ಲಮ್ ಕೇಕ್ ಅಂತೂ ಇವುಗಳ ಹತ್ತಿರಕ್ಕೂ ಬೇಡ. ಕೇಕಿನ ತೇವವನ್ನೆಲ್ಲ ಒಂದೇ ರಾತ್ರಿಯಲ್ಲಿ ನಾನ್‌ಖಟಾಯಿ ಹೀರಿಕೊಳ್ಳುತ್ತದೆ.

ಇಷ್ಟಾಗಿಯೂ ಮೆತ್ತಗಾದರೆ ಕೈಬಿಡಬೇಡಿ. ಓವನ್ 120 ಡಿಗ್ರಿಗೆ ಕಾಯಿಸಿ ಕೊಕ್ಕಿಸಾಂ ಐದಾರು ನಿಮಿಷ, ನಾನ್‌ಖಟಾಯಿ ಎಂಟು ಹತ್ತು ನಿಮಿಷ ಇಟ್ಟು ಪೂರ್ತಿ ಆರಿಸಿದರೆ ಗರಿ ಮರಳುತ್ತದೆ. ಪಾಕದ ಕಿಡಿಯೊಗೆ ಮಾತ್ರ ಇದು ಆಗದು, ಸಕ್ಕರೆ ಕರಗುತ್ತದೆ. ವಿದೇಶದ ಚಳಿಯೂರಿನಲ್ಲಿರುವವರಿಗೆ ತೊಂದರೆ ತಿರುಗುಮುರುಗು: ಹೀಟರ್ ಓಡುವ ಮನೆಯ ಒಣ ಗಾಳಿಯಲ್ಲಿ ತಿಂಡಿ ಚೆನ್ನಾಗಿ ಉಳಿಯುತ್ತದೆ, ಆದರೆ ತುಪ್ಪ ಕಲ್ಲಾಗಿರುತ್ತದೆ. ತಿಕ್ಕುವ ಮೊದಲು ಒಂದು ಗಂಟೆ ಒಲೆಯ ಪಕ್ಕ ಇಡಿ, ಮೈಕ್ರೋವೇವ್‌ನಲ್ಲಿ ಕರಗಿಸಬೇಡಿ.

ತಟ್ಟೆ ಜೋಡಿಸುವಾಗ ಭಾರದ ನೆವ್ರಿಯೊ, ನಾನ್‌ಖಟಾಯಿ ಕೆಳಗೆ, ಸಂದಿಗಳಲ್ಲಿ ಕಿಡಿಯೊ, ಎಲ್ಲಕ್ಕಿಂತ ಮೇಲೆ ಕೊಕ್ಕಿಸಾಂ. ಮೊಟ್ಟೆ ತಿನ್ನದ ನೆರೆಯವರಿಗೆ ಬೇರೆಯೇ ತಟ್ಟೆ ಕಟ್ಟಿ: ಮೇಲಿನ ಅಳತೆಯ ನಾನ್‌ಖಟಾಯಿ, ಕಿಡಿಯೊಗಳಲ್ಲಿ ಮೊಟ್ಟೆಯಿಲ್ಲ. ಅವರ ಕೊಕ್ಕಿಸಾಂ ಅನ್ನು ಮೊಟ್ಟೆಯ ಹಿಟ್ಟು ಅದ್ದುವ ಮೊದಲು, ಹೊಸ ಎಣ್ಣೆಯಲ್ಲಿ ಕರಿದಿಟ್ಟುಕೊಳ್ಳಿ, ಕೊಡುವಾಗ ಬಾಯಿಬಿಟ್ಟು ಹೇಳಿ. ದೀಪಾವಳಿಗೆ ಅವರ ಮನೆಯಿಂದ ಹೋಳಿಗೆ ಬಂದಿರುತ್ತದೆ, ಈದ್‌ಗೆ ಇನ್ನೊಂದು ಮನೆಯಿಂದ ಬಿರಿಯಾನಿ. ತಟ್ಟೆಯ ಮೇಲೆ ಹೊದಿಸಲು ಪ್ಲಾಸ್ಟಿಕ್ ಹಾಳೆಗಿಂತ ಕಸೂತಿಯ ಒಣ ಬಟ್ಟೆ ಚೆಂದ. ಪಕ್ಕದ ಮನೆಗೆ ನಡೆದು ಹೋಗುವಷ್ಟು ಹೊತ್ತಿಗೆ ಅದು ಸಾಕು. ಬಸ್ಸಿನಲ್ಲಿ ದೂರದೂರಿಗೆ ಕಳಿಸುವುದಾದರೆ ಕೊಕ್ಕಿಸಾಂಗಳನ್ನು ನಾಲ್ಕು ನಾಲ್ಕಾಗಿ ಒಂದರೊಳಗೊಂದು ಕೂರಿಸಿ, ಸುತ್ತ ಸಂದಿಯಿಲ್ಲದಂತೆ ಕಿಡಿಯೊ ಸುರಿದು, ಅಲುಗಿಸಿದರೆ ಸದ್ದು ಬಾರದಷ್ಟು ಬಿಗಿಯಾಗಿ ಡಬ್ಬಿ ತುಂಬಿ.